ಗಂಟಿನೊಳಗಿನ ಕೊಸರು

ಜುಲೈ 7, ಸೋಮವಾರ

ಹೊಸ ಕೆಲಸ, ಹೊಸ ದಿನಚರಿ, ಹಳೆಯ ಚಪ್ಪಲಿ. ಜೇವರ್ಗಿಯ ಈ ನರ್ಸಿಂಗ್ ಹೋಮಿನಲ್ಲಿ ಇವತ್ತಿನಿಂದ ನಾನು ಆಪರೇಷನ್ ಥೇಟರ್ ಸಿಸ್ಟರ್. ಕಲಬುರಗಿಯ ವಾರ್ಡುಗಳಲ್ಲಿ ಇಂಜೆಕ್ಷನ್ ಚುಚ್ಚಿ ಚುಚ್ಚಿ ಸಾಕಾಗಿತ್ತು. ಇಲ್ಲಿ ಡಾಕ್ಟರ್ ದೌಲತರಾಯರು ಮೂರು ತಿಂಗಳು ನೋಡೋಣ ಎಂದಿದ್ದಾರೆ. ನೋಡಲಿ.

ಅವರ ಕೈ ಬಹಳ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವರ ಕೈಗೆ ಕತ್ತರಿ, ಸೂಜಿ, ದಾರ ಕೊಡುವವಳು ನಾನು. ಬೇಕಾದ್ದನ್ನು ಹೊರಗಿನಿಂದ ಒದಗಿಸುವವನು ಟೆಕ್ನಿಷಿಯನ್ ಮುಕ್ರಮ. ಬಟ್ಟೆ ಹೊಲಿದು, ಮಡಚಿ, ಗಂಟು ಕಟ್ಟಿ, ಹಬೆಯ ಡ್ರಮ್ಮಿಗೆ ಹಾಕುವವಳು ನಿಂಬೆವ್ವ. ಅರಿವಳಿಕೆ ಡಾಕ್ಟರು ಮಾತ್ರ ಕಲಬುರಗಿಯಿಂದ ಬರುತ್ತಾರೆ. ಬಂದ ಗಳಿಗೆಯಿಂದಲೂ ಹೊರಡುವ ಅವಸರದಲ್ಲೇ ಇರುತ್ತಾರೆ.

ನಿಂಬೆವ್ವ ಚಹಾ ಕೊಟ್ಟಳು. ಸಕ್ಕರೆ ಎಷ್ಟಿತ್ತೆಂದರೆ ತುಟಿ ತುಟಿಗೆ ಅಂಟಿತು. "ಹೆಂಗದ ಬೇ?" ಅಂದಳು. "ಭಾಳ ಚೊಲೋ ಅದ್ರಿ" ಅಂದೆ. ಇನ್ನು ಮೂರು ತಿಂಗಳು ಇದೇ ಪಾಕ ಕುಡಿಯಬೇಕು. ಇಲ್ಲ ಅನ್ನುವ ಬಾಯಿ ನನಗೆ ದೇವರು ಕೊಟ್ಟಿಲ್ಲ.

ನಮ್ಮೂರು ಸರಸಂಬಾದಿಂದ ಅವ್ವನ ಫೋನು. "ಥೇಟರ್‌ದಾಗ ಏನ ಮಾಡ್ತಿ?"

"ಮಾಪು ಎಣಿಸ್ತೇನಿ."

"ಅಯ್ಯ! ಇಷ್ಟ ರೊಕ್ಕ ಹಾಕಿ ಓದಿಸಿದ್ದು ನೆಲ ಒರಸಾಕೇನ?"

ನೆಲ ಒರೆಸುವ ಮಾಪಲ್ಲ, ಆಪರೇಷನ್ ಮಾಡುವಾಗ ಹೊಟ್ಟೆಯೊಳಗೆ ಇಟ್ಟು ರಕ್ತ ಹೀರಿಸುವ ದಪ್ಪ ಬಟ್ಟೆ ಎಂದು ಬಿಡಿಸಿ ಹೇಳಿದೆ. ಹೊಲಿಯುವ ಮುಂಚೆ ಎಲ್ಲ ಹೊರಗೆ ಬಂದಿವೆಯೇ ಎಂದು ಎಣಿಸಬೇಕು. ಒಂದು ಒಳಗೇ ಉಳಿದರೆ ಅದು ಕೀವಾಗಿ ಮನುಷ್ಯರ ಜೀವವೇ ಹೋಗಬಹುದು. ಅವ್ವ, "ಹಂಗಾದ್ರ ಕಣ್ಣ ತೆರದ ಎಣಸು" ಎಂದು ಫೋನಿಟ್ಟಳು.

ಜುಲೈ 10, ಗುರುವಾರ

ಎಣಿಸುವ ವಿಷಯದಲ್ಲಿ ನನ್ನದೊಂದು ಪೇಚು ಇದೆ. ಆಳಂದ ಬಜಾರಿನಲ್ಲಿ ಅಪ್ಪನದು ಕಾಳಿನ ಅಂಗಡಿ. ಸೇರಿನಲ್ಲಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ನಾನು ಎಣಿಸಲು ಕಲಿತದ್ದೇ ಹಾಗೆ. ಟ್ರೇನಿಂಗಿನಲ್ಲಿ ಒಮ್ಮೆ ಇಡೀ ಕ್ಲಾಸಿನ ಮುಂದೆ ಕತ್ತರಿಗಳನ್ನು "ಲಾಭ, ಎರಡು" ಎಂದು ಎಣಿಸಿದ್ದೆ. ಹುಡುಗಿಯರು ವಾರಗಟ್ಟಲೆ ನನ್ನನ್ನು ಸೇಠಾಣಿ ಎಂದು ಕರೆದರು. ಅವತ್ತಿನಿಂದ ಬಾಯೊಳಗೇ ಎಣಿಸುತ್ತೇನೆ.

ಮುಕ್ರಮ ಅಷ್ಟೂ ಮಾಡುವುದಿಲ್ಲ. "ಗಂಟಿಗೆ ಐದು. ಎಷ್ಟು ಗಂಟು ಬಿಚ್ಚಿದೆವು ನೋಡ್ರಿ, ಐದರಿಂದ ಗುಣಿಸ್ರಿ. ಬರೋಬ್ಬರಿ ಹಿಸಾಬ" ಅನ್ನುತ್ತಾನೆ. ಪುಸ್ತಕದಲ್ಲಿ ಹಾಗಿಲ್ಲ, ಒಂದೊಂದನ್ನೂ ಬಿಡಿಸಿ ಇಬ್ಬರೂ ಗಟ್ಟಿಯಾಗಿ ಎಣಿಸಬೇಕು ಎಂದಿದೆ. ಹೇಳೋಣ ಎಂದುಕೊಂಡೆ. "ಸರಿ ಅದ್ರಿ" ಅಂದೆ.

ಟಂಟಂ ಆಟೋದವನು ಇವತ್ತೂ ನನ್ನನ್ನು ಅರ್ಧ ಸೀಟಿನ ಮೇಲೆ ಕೂಡಿಸಿದ. ದುಡ್ಡು ಮಾತ್ರ ಪೂರ್ತಿ.

ಜುಲೈ 15, ಮಂಗಳವಾರ

ಇವತ್ತು ಒಂದು ತಮಾಷೆ ನಡೆಯಿತು. ತಮಾಷೆ ಎಂದೇ ಎಲ್ಲರೂ ಅಂದರು. ಗರ್ಭಕೋಶದ ಆಪರೇಷನ್. ಮೂರು ಗಂಟು ಬಿಚ್ಚಿದ್ದೆವು, ಅಂದರೆ ಹದಿನೈದು ಮಾಪು. ಕೊನೆಗೆ ಎಣಿಸಿದರೆ ಹದಿನಾರು.

"ಹೆಚ್ಚಾದ್ರ ಯಾಕ ಹೆದರ್ತೀರಿ? ಕಡಿಮಿ ಆದಾಗ ಹೇಳ್ರಿ" ಎಂದು ಡಾಕ್ಟರು ಹೊಲಿಗೆ ಮುಗಿಸಿದರು. "ಮಾಪು ಮರಿ ಹಾಕ್ಯಾವ" ಎಂದ ಮುಕ್ರಮ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಟಂಟಂನಲ್ಲಿ ಅರ್ಧ ಸೀಟಿನ ಮೇಲೆ ಜೋತು ಕುಳಿತಾಗ ತಲೆಗೆ ಹೊಳೆಯಿತು. ಹದಿನಾರು ಹೊರಗೆ ಬಂದಿವೆ ಎಂದರೆ ಆ ಮೂರು ಗಂಟಿನಲ್ಲಿ ಹದಿನಾರಾದರೂ ಇದ್ದವು. ಒಂದು ಆ ಹೆಂಗಸಿನ ಹೊಟ್ಟೆಯಲ್ಲೇ ಉಳಿದಿದ್ದರೆ ಹೊರಗೆ ಹದಿನೈದು ಇರುತ್ತಿದ್ದವು. ಮೂರು ಗಂಟು, ಹದಿನೈದು, ಸರಿಯಾಗಿದೆ ಎಂದು ನಾನೇ ದಾರ ಕೊಡುತ್ತಿದ್ದೆ.

ಇಳಿಯುವ ಸ್ಟಾಪು ದಾಟಿದ್ದು ಗೊತ್ತೇ ಆಗಲಿಲ್ಲ.

ಜುಲೈ 16, ಬುಧವಾರ

ಕಳ್ಳ ಸಿಕ್ಕ. ಕಳ್ಳನಲ್ಲ, ಅದಕ್ಕೇ ಕಷ್ಟ.

ಮಧ್ಯಾಹ್ನ ನಿಂಬೆವ್ವನ ಹೊಲಿಗೆ ಮಷೀನಿನ ಹತ್ತಿರ ಹೋಗಿ ಕುಳಿತೆ. "ನಿಂಬೆವ್ವಾ, ಗಂಟಿಗೆ ಎಷ್ಟ ಮಾಪು ಹಾಕ್ತೀರಿ?"

"ಐದ ಬೇ."

"ಖರೇ ಐದೇ ಏನ್ರಿ?"

"ಹೂಂ, ಐದು. ಮ್ಯಾಲ ಒಂದ ಕೊಸರು."

ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಅನ್ನುವಷ್ಟು ಸಹಜವಾಗಿ ಅಂದಳು. ಹೋದ ದೀಪಾವಳಿಗೆ ಇಲ್ಲಿ ಸೇರುವ ಮುಂಚೆ ಇವಳು ಬಜಾರಿನಲ್ಲಿ ಮೆಂತ್ಯೆ, ಪುಂಡಿಪಲ್ಯ ಮಾರುತ್ತಿದ್ದವಳು. ಸಿವುಡು ಎಣಿಸಿ ಕೊಟ್ಟ ಮೇಲೆ ಲೆಕ್ಕಕ್ಕಿಲ್ಲದ ಒಂದು ಹಿಡಿ ಚೀಲಕ್ಕೆ ಹಾಕಿಯೇ ಕಳಿಸಬೇಕು, ಇಲ್ಲದಿದ್ದರೆ ವ್ಯಾಪಾರಕ್ಕೆ ಕಳೆಯಿಲ್ಲ.

"ಎಲ್ಲಾ ಗಂಟಿಗೂ ಹಾಕ್ತೀರೇನು?"

"ಎಲ್ಲಾದಕ್ಕೂ ಹಾಕಿದ್ರ ಬಟ್ಟಿ ಥಾನು ಸಾಲಬೇಕಲ್ಲ. ಮನಸ ಬಂದಾಗ ಹಾಕ್ತೇನಿ. ದೊಡ್ಡ ಆಪರೇಷನ್ ಅದ ಅಂತ ಕಿವಿಗೆ ಬಿತ್ತಂದ್ರ ಹಾಕ್ತೇನಿ. ಪಲ್ಯ ಮಾರೂ ಮುಂದ ನಾ ಯಾರನ್ನೂ ಬರೇ ಲೆಕ್ಕದಾಗ ಕಳಿಸಿಲ್ಲ. ಇಲ್ಲಿ ಜೀವದ ಮಾತು. ರಕ್ತ ಹರಿಯಾಕತ್ತಾಗ ಬಟ್ಟಿ ಕಮ್ಮಿ ಬಿದ್ರ ಹೆಂಗ ಬೇ?"

ಯಾವ ಗಂಟಿನಲ್ಲಿ ಐದಿದೆ, ಯಾವುದರಲ್ಲಿ ಆರಿದೆ ಎಂದು ಅವಳಿಗೂ ನೆನಪಿಲ್ಲ. ಚಹಾ ಕೊಟ್ಟಳು. ಅದರಲ್ಲೂ ಒಂದು ಚಮಚ ಸಕ್ಕರೆ ಕೊಸರು ಎಂದು ಈಗ ಅರ್ಥವಾಯಿತು.

ಜುಲೈ 19, ಶನಿವಾರ

ಡಾಕ್ಟರಿಗೆ ಹೇಳಲು ಮೂರು ದಿನದಿಂದ ಅವರ ಕೋಣೆಗೆ ಹೋಗಿ ಬರುತ್ತಿದ್ದೇನೆ. ಒಮ್ಮೆ ರಜೆ ಕೇಳಿ ಬಂದೆ, ನನಗೆ ರಜೆಯೇ ಬೇಕಿರಲಿಲ್ಲ. ಒಮ್ಮೆ ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂದು ಹೇಳಿ ಬಂದೆ. ಇವತ್ತು ಅವರೇ, "ಏನಾಗ್ಯದ ಶಾಂಭವಿ? ಕೆಲಸ ಬಿಡೂ ವಿಚಾರ ಅದ ಏನು?" ಎಂದರು. ಆಗ ಎಲ್ಲವೂ ಒಂದೇ ಉಸಿರಿಗೆ ಹೊರಗೆ ಬಿತ್ತು.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದೀಪಾವಳಿಯಿಂದ ಇಲ್ಲೀತನಾ ನಾ ಎಷ್ಟ ಹೊಟ್ಟಿ ಹೊಲಿದೇನಿ" ಎಂದಷ್ಟೇ ಅಂದರು. ಆಮೇಲೆ ಮುಕ್ರಮನನ್ನು ಕರೆದು, ಅಷ್ಟೂ ಜನರಿಗೆ ಫೋನು ಹಚ್ಚು, ಸ್ಕ್ಯಾನಿಗೆ ಬರಹೇಳು, ಪೈಸೆ ತೆಗೆದುಕೊಳ್ಳಬೇಡ ಎಂದರು. ನಿಂಬೆವ್ವನನ್ನು ಕೆಲಸದಿಂದ ತೆಗೆಯುತ್ತಾರೇನೋ ಎಂದು ಕೇಳಿದೆ. "ಎಣಿಸದೇ ಹೊಲಿದಾಂವ ನಾನು. ಆಕೀನ ಯಾಕ ತೆಗೀಲಿ?" ಎಂದರು.

ಜುಲೈ 22, ಮಂಗಳವಾರ

ಹೊಸ ಕಟ್ಟಳೆ. ಗಂಟು ಬಿಚ್ಚಿದ ಕೂಡಲೇ ಒಂದೊಂದೇ ಮಾಪು ಬಿಡಿಸಿ, ನಾನೂ ಮುಕ್ರಮನೂ ಸೇರಿ ಗಟ್ಟಿಯಾಗಿ ಎಣಿಸಬೇಕು. ಬಂದದ್ದನ್ನು ಗೋಡೆಯ ಬೋರ್ಡಿನ ಮೇಲೆ ಬರೆಯಬೇಕು. ಐದಿಲ್ಲದ ಗಂಟು ಇಡಿಯಾಗಿ ಹೊರಗೆ. ಹೊಟ್ಟೆ ಹೊಲಿಯುವ ಮುಂಚೆ ಮತ್ತೆ ಎಣಿಕೆ.

ಗಟ್ಟಿಯಾಗಿ! ಬಾಯಿ ತೆರೆದೆ, ನೋಡಿದರೆ ಲಾಭವೇ ಹೊರಗೆ ಬಂತು. "ಏನ್ ಸಿಸ್ಟರ್, ತೊಗರಿ ಅಳಿಯಾಕತ್ತೀರೇನು?" ಎಂದರು ಡಾಕ್ಟರು. ಮಾಸ್ಕಿನೊಳಗೆ ನನ್ನ ಮುಖ ಕೆಂಪಾಯಿತು. ಎರಡನೆಯ ಗಂಟಿಗೆ ಒಂದು ಎಂದೇ ಶುರುಮಾಡಬೇಕೆಂದು ಹಲ್ಲು ಕಚ್ಚಿ ನಿಂತೆ. ಮತ್ತೆ ಲಾಭ. ಹಾಳಾಗಲಿ, ಎರಡರಿಂದ ಮುಂದೆ ಎಲ್ಲರದೂ ಒಂದೇ ತಾನೆ.

ನಿಂಬೆವ್ವನಿಗೂ ಹೇಳಿದೆ. ಇನ್ನು ಮುಂದೆ ಐದೆಂದರೆ ಐದು, ಹೆಚ್ಚಾದರೂ ಎಣಿಕೆ ತಪ್ಪಿ ಜೀವಕ್ಕೆ ಕುತ್ತು ಬರುತ್ತದೆ ಎಂದೆ. ಅವಳಿಗೆ ಅದು ತಲೆಗೆ ಹೋಗಲಿಲ್ಲ. ಕಡಿಮೆಯಾದರೆ ಕುತ್ತು ಸರಿ, ಹೆಚ್ಚಾದರೆ ಹೇಗೆ? "ಆತು ಬೇ, ನೀವು ಓದಿದವ್ರು" ಎಂದು ಮಷೀನು ತುಳಿಯತೊಡಗಿದಳು. ಮಾತಿನಲ್ಲಿ ಬೇಸರ ಇತ್ತು. ನನಗೆ ಊಟ ಸೇರಲಿಲ್ಲ.

ಜುಲೈ 29, ಮಂಗಳವಾರ

ಪಂಚಮಿ. ನಿಂಬೆವ್ವ ಶೇಂಗಾ ಉಂಡಿ ತಂದಿದ್ದಳು. ನನ್ನ ಕೈಗೆ ಎರಡು ಕೊಟ್ಟು, ಮೇಲೊಂದು ಇಟ್ಟು, "ಇದಕ್ಕೂ ಬ್ಯಾಡಂತೀ ಏನ?" ಎಂದು ಹುಬ್ಬು ಹಾರಿಸಿದಳು. ಸಿಟ್ಟು ಇಳಿದಿದೆ ಎಂದು ಖುಷಿಯಾಯಿತು. ಅದೇ ಹೊತ್ತಿಗೆ ಚಹಾಕ್ಕೆ ಸಕ್ಕರೆ ಹಾಕಲು ಹೊರಟಳು. "ಸಕ್ರಿ ಒಂದ ಚಮಚ ಕಮ್ಮಿ ಹಾಕ್ರಿ ನಿಂಬೆವ್ವಾ, ಹಲ್ಲು ಹೋದಾವು" ಅಂದೆ. ಇವತ್ತಿನ ಚಹಾ ರುಚಿಯಾಗಿತ್ತು.

ಅವಳ ಮಗಳು ಭಾಗ್ಯಾ ಅಫಜಲಪುರದಿಂದ ಬಾಣಂತನಕ್ಕೆ ಬಂದಿದ್ದಾಳೆ. ಚೊಚ್ಚಲು. ಹಿಂದೆ ಎರಡು ಸಲ ಕೂಸು ನಿಲ್ಲಲಿಲ್ಲವಂತೆ. ಸಣ್ಣ ಹುಡುಗಿ, ದೊಡ್ಡ ಹೊಟ್ಟೆ, ಅವ್ವನದೇ ನಗು. ತೋರಿಸಲು ನಮ್ಮಲ್ಲಿಗೇ ಬರುತ್ತಾಳೆ.

ಅಗಸ್ಟ್ 2, ಶನಿವಾರ

ಸ್ಕ್ಯಾನುಗಳು ಮುಗಿದವು. ಎಲ್ಲರೂ ಬಂದರು, ಯಾರ ಹೊಟ್ಟೆಯಲ್ಲೂ ಏನೂ ಇಲ್ಲ. ಡಾಕ್ಟರು ಪ್ರತಿಯೊಬ್ಬರಿಗೂ, "ಬಟ್ಟಿ ಎಣಿಕ್ಯಾಗ ನಮ್ಮದು ತಪ್ಪಾಗಿರಬಹುದು, ಅದಕ್ಕ ನೋಡಾಕತ್ತೇವಿ" ಎಂದು ನೇರವಾಗಿ ಹೇಳಿದರು. ಒಬ್ಬ ಮುದುಕಿ ಚೆನ್ನಾಗಿ ಉಗಿದು ಹೋದಳು. ಡಾಕ್ಟರು ಕೈಮುಗಿದು ಕೇಳಿಸಿಕೊಂಡರು.

ಆದರೂ ಎಣಿಕೆಯ ಹೊತ್ತಿಗೆ ಗಡಿಯಾರ ನೋಡುವ ಅವರ ಚಟ ಹೋಗಿಲ್ಲ. ಅರಿವಳಿಕೆ ಡಾಕ್ಟರಂತೂ, "ನಿಮ್ಮ ಸಂತಿ ಲಗೂನ ಮುಗಸ್ರಿ" ಅನ್ನುತ್ತಾರೆ. "ಮುಗೀತನಾ ನಿಲ್ರಿ ಸರ್" ಅಂದೆ. ನಿಂತರು ಪಾಪ.

ಟಂಟಂನಲ್ಲಿ ಒಬ್ಬ ಕಾಲು ಚಾಚಿ ಕುಳಿತಿದ್ದ, ಸರಿಸಿದೆ. ಸಂಜೆ ಮೆಣಸಿನಕಾಯಿ ಬಜ್ಜಿ ತಿಂದೆ.

ಅಗಸ್ಟ್ 12, ಮಂಗಳವಾರ

ಭಾಗ್ಯಾಳ ಆಪರೇಷನ್ ಆಯಿತು. ಇವತ್ತು ಬರೆಯಲಾರೆ. ನಾಳೆ.

ಅಗಸ್ಟ್ 13, ಬುಧವಾರ

ಮೊದಲಿನಿಂದ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಭಾಗ್ಯಾಳಿಗೆ ನೋವು ಜೋರಾಯಿತು. ಆದರೆ ಹೊಟ್ಟೆಯಲ್ಲಿ ಮಗುವಿನ ಎದೆಬಡಿತ ಇಳಿಯತೊಡಗಿತು. "ತಡಾ ಮಾಡೂದು ಬ್ಯಾಡ, ತೆಗೀಬೇಕು" ಎಂದರು ಡಾಕ್ಟರು. ಪುಣ್ಯಕ್ಕೆ ಅರಿವಳಿಕೆ ಡಾಕ್ಟರು ಬೇರೆ ಕೇಸಿಗೆ ಬಂದು ಇಲ್ಲೇ ಇದ್ದರು. ನಿಂಬೆವ್ವ ಥೇಟರಿನ ಬಾಗಿಲ ತನಕ ಬಂದು, ಮಗಳ ಕೈ ಬಿಟ್ಟು, ನನ್ನ ಮುಖ ನೋಡಿ ನಿಂತಳು.

ಮೊದಲ ಗಂಟು ಬಿಚ್ಚಿದೆ. ಲಾಭ, ಎರಡು, ಮೂರು, ನಾಕು, ಐದು. ಎರಡನೆಯದು ಬಿಚ್ಚಿದೆ. ಐದು ಆದ ಮೇಲೆ ಇನ್ನೊಂದು ಕೆಳಗೆ ಅಂಟಿಕೊಂಡಿತ್ತು. ಆರು. ಮಡಿಕೆ ಎಲ್ಲಕ್ಕಿಂತ ಅಚ್ಚುಕಟ್ಟಾಗಿತ್ತು, ಅಂಚಿಗೆ ಒತ್ತಾದ ಹೊಲಿಗೆ. ಮಗಳಿಗೆಂದೇ ಕಟ್ಟಿ ಬೇರೆ ಇಟ್ಟಿದ್ದಳು.

ಕಟ್ಟಳೆಯ ಪ್ರಕಾರ ಆ ಗಂಟು ಹೊರಗೆ ಹೋಗಬೇಕು. ಆದರೆ ಬೇರೆ ಗಂಟುಗಳೆಲ್ಲ ಹಬೆಯಲ್ಲಿದ್ದವು, ಡ್ರಮ್ಮು ತೆರೆಯುವವರೆಗೆ ಮಗು ಕಾಯುವಂತಿರಲಿಲ್ಲ. "ಮುಕ್ರಮ, ಈ ಗಂಟಿನ್ಯಾಗ ಆರವ. ಒಟ್ಟು ಹನ್ನೊಂದು ಬರೀ" ಅಂದೆ. ಅವನು ಬರೆದ.

ಹೆಣ್ಣು ಮಗು. ಹೊರಬಂದ ಮೇಲೆ ಸ್ವಲ್ಪ ಹೊತ್ತು ಅಳಲಿಲ್ಲ. ಆಮೇಲೆ ಅತ್ತದ್ದೇ ಅತ್ತದ್ದು, ಅಜ್ಜಿಯ ಗಂಟಲು. ಆದರೆ ಭಾಗ್ಯಾಳಿಗೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಮಾಪಿನ ಮೇಲೆ ಮಾಪು ಕೇಳಿದರು, ನಾನು ಕೊಟ್ಟೆ. ಕಡೆಗೂ ರಕ್ತ ಹತೋಟಿಗೆ ಬಂತು. ಗರ್ಭಕೋಶ ಹೊಲಿದು, ಹೊಟ್ಟೆ ಹೊಲಿಯಲು ದಾರಕ್ಕೆ ಕೈ ಚಾಚಿದರು. ನಾನು ಎಣಿಸುತ್ತಿದ್ದೆ. ಹತ್ತು.

ಮುಕ್ರಮನೂ ಎಣಿಸಿದ. ಹತ್ತು. ಬೋರ್ಡಿನ ಮೇಲೆ ಹನ್ನೊಂದು.

"ಎರಡ ಗಂಟು, ಹತ್ತ ಮಾಪು. ಬರೋಬ್ಬರಿ ಅದಲ್ರಿ?" ಎಂದರು ಅರಿವಳಿಕೆ ಡಾಕ್ಟರು. "ಪೇಷಂಟ್ ಬಿಪಿ ಕಮ್ಮಿ ಅದ. ಲಗೂ ಮುಗಸ್ರಿ."

"ಬೋರ್ಡಿನ ಮ್ಯಾಲ ಗಡಿಬಿಡ್ಯಾಗ ತಪ್ಪ ಬರದೀರಿ. ದಾರ ಕೊಡ್ರಿ" ಎಂದರು ದೌಲತರಾಯರು.

ಹಾಗೂ ಇರಬಹುದಲ್ಲ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಎರಡು ಗಂಟಿಗೆ ಹತ್ತು, ಎಷ್ಟು ಚೆಂದದ ಲೆಕ್ಕ. ಅವಸರದಲ್ಲಿ ಐದನ್ನೇ ಆರು ಎಂದೆನೇ? ಆಗ ಆ ಒತ್ತಾದ ಹೊಲಿಗೆ ಕಣ್ಣ ಮುಂದೆ ಬಂತು. ಆರನೆಯದನ್ನು ನಾನೇ ಕೈಯಾರೆ ಬಿಡಿಸಿದ್ದೆ.

"ಒಂದು ಒಳಗ ಅದ ಸರ್" ಅಂದೆ.

"ನಾ ನೋಡೇನಿ. ಏನೂ ಇಲ್ಲ. ನನ್ನ ಕೈ ಮ್ಯಾಲ ನಂಬಿಕಿ ಇಲ್ಲೇನು?"

"ಕೈ ಮ್ಯಾಲ ಅದ್ರಿ. ಎಣಿಕಿ ಮ್ಯಾಲೂ ಅದ್ರಿ. ಮಾಪು ಸಿಗೂತನಾ ದಾರ ನಾ ಕೊಡಂಗಿಲ್ಲ."

ಸೂಜಿ, ದಾರ ಎರಡೂ ನನ್ನ ಮುಷ್ಟಿಯಲ್ಲಿದ್ದವು. ಕೆಲಸ ಹೋಯಿತು ಎಂದುಕೊಂಡೆ, ಹೋಗಲಿ ಎಂದೂ ಅಂದುಕೊಂಡೆ. ಮುಕ್ರಮ ನೆಲದ ಮೇಲೆ ಕುಳಿತು ಬಕೆಟ್ಟು, ಹಾಸಿಗೆ, ಬಟ್ಟೆ ಎಲ್ಲ ಜಾಲಾಡಿದ. ಎಲ್ಲೂ ಇಲ್ಲ. ಡಾಕ್ಟರು ಒಮ್ಮೆ ನನ್ನನ್ನು ದುರುಗುಟ್ಟಿ ನೋಡಿ, ಮತ್ತೆ ಹೊಟ್ಟೆಯೊಳಗೆ ಕೈ ಇಳಿಸಿದರು. ಬಲಗಡೆ, ಎಡಗಡೆ, ಕರುಳಿನ ಹಿಂದೆ. ಅವರ ಕೈ ಅಲ್ಲಿ ನಿಂತಿತು.

ರಕ್ತ ಕುಡಿದು ಮುದ್ದೆಯಾದ ಮಾಪು ಹೊರಗೆ ಬಂತು. ಕರುಳಿಗೂ ಅದಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಅವರು ಅದನ್ನು ನನ್ನ ತಟ್ಟೆಗೆ ಹಾಕಿ, "ಎಣಸು" ಎಂದರು.

ಲಾಭದಿಂದ ಶುರುಮಾಡಿ ಹನ್ನೊಂದರ ತನಕ ಎಣಿಸಿದೆ. ಆಮೇಲೆ ದಾರ ಕೊಟ್ಟೆ.

ಕೈ ತೊಳೆಯುವಾಗ ಡಾಕ್ಟರು ಪಕ್ಕದಲ್ಲೇ ಇದ್ದರು. ಬಹಳ ಹೊತ್ತು ಸೋಪು ಉಜ್ಜಿ, "ಗಂಟಿನ ಲೆಕ್ಕಕ್ಕ ಕೂತಿದ್ರ ಇವತ್ತ ಆಕೀನ ಹೊಲದಬಿಡ್ತಿದ್ದೆ" ಎಂದರು. ಮೂರು ತಿಂಗಳ ಮಾತು ಎತ್ತಲಿಲ್ಲ, ನಾನೂ ಮರೆತೆ.

ಹೊರಗೆ ಮುಕ್ರಮ, "ಸಿಸ್ಟರ್, ನಿಮ್ಮ ದನಿ ಟಂಟಂ ಸ್ಟ್ಯಾಂಡಿನ ತನಾ ಕೇಳಿಸ್ತು" ಎಂದ. ಸುಳ್ಳು. ನಾನು ಮೆಲ್ಲಗೇ ಹೇಳಿದ್ದೆ.

ಅಗಸ್ಟ್ 15, ಶುಕ್ರವಾರ

ಝಂಡಾ ಹಾರಿಸಿ, ಬೂಂದಿ ತಿಂದು, ವಾರ್ಡಿಗೆ ಹೋದೆ. ಭಾಗ್ಯಾ ಎದ್ದು ಕುಳಿತಿದ್ದಳು. ನಿಂಬೆವ್ವ ನನ್ನನ್ನು ವರಾಂಡಕ್ಕೆ ಕರೆದಳು. "ಒಳಗ ಏನೋ ತಡಾ ಆತಂತಲ್ಲ. ಏನಾಗಿತ್ತ ಬೇ?"

ಹೇಳಬೇಡ್ರಿ, ಬಾಣಂತಿಯ ತಾಯಿ, ಎದೆ ಒಡೆದುಕೊಳ್ಳುತ್ತಾಳೆ ಎಂದು ಮುಕ್ರಮ ಅಂದಿದ್ದ. ಆದರೆ ಹೇಳದಿದ್ದರೆ ನಾಳೆ ಇನ್ನೊಬ್ಬರ ಮಗಳ ಗಂಟಿಗೂ ಹಾಕುತ್ತಾಳೆ. ಹೇಳಿದೆ. ಎರಡು ಗಂಟು, ಬರಬೇಕಾದ್ದು ಹತ್ತು, ಹೊರಗಿದ್ದದ್ದೂ ಹತ್ತು. ಆರನೆಯದನ್ನು ಎಣಿಸಿರದಿದ್ದರೆ ಎಲ್ಲ ಸರಿಯಾಗಿದೆ ಎಂದು ಹೊಲಿದು ಕಳಿಸುತ್ತಿದ್ದೆವು.

ಅವಳು ಬೆರಳು ಮಡಚಿ ಮಡಚಿ ತನ್ನಷ್ಟಕ್ಕೆ ಲೆಕ್ಕ ಹಾಕಿದಳು. ಅವತ್ತು ತಲೆಗೆ ಹೋಗದ್ದು ಇವತ್ತು ಹೋಯಿತು. "ಅಂದ್ರ ನಾ ಹಾಕಿದ ಕೊಸರು ನನ್ನ ಮಗಳ..." ಎಂದವಳು ಅಲ್ಲಿಯೇ ಗೋಡೆಗೆ ಒರಗಿ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ. ಹೇಳಬಾರದಿತ್ತು ಎಂದು ಒಮ್ಮೆಯೂ ಅನ್ನಿಸಲಿಲ್ಲ, ಆದರೂ ಅಳು ಬಂತು. ಇಬ್ಬರೂ ಅತ್ತೆವು.

ಅಗಸ್ಟ್ 18, ಸೋಮವಾರ

ಹಬೆಗೆ ಹೋಗುವ ಮುಂಚೆ ನಿಂಬೆವ್ವ ಕಟ್ಟಿದ ಅಷ್ಟೂ ಗಂಟು ಬಿಚ್ಚಿ ನೋಡಿದೆ. ಎಲ್ಲದರಲ್ಲೂ ಐದೇ. ಕಟ್ಟುವಾಗ ಜೋರಾಗಿ ಎಣಿಸುತ್ತಾಳೆ, ಲಾಭದಿಂದಲೇ. ನನಗೆ ಖುಷಿಯಾಗಬೇಕಿತ್ತು.

ಆದರೆ ಚಹಾಕ್ಕೆ ಸಕ್ಕರೆಯನ್ನು ಚಮಚದ ಅಂಚಿಗೆ ಗೀರಿ ಹಾಕುತ್ತಿದ್ದಾಳೆ. ಬೆಳಿಗ್ಗೆ ಬಾಗಿಲಿಗೆ ಬರುವ ಬೆಕ್ಕಿಗೆ ಒಂದು ರೊಟ್ಟಿ ತುಂಡು ಹಾಕಿದಳು. ಅದು ಇನ್ನೊಂದಕ್ಕೆ ಕೂಗಿತು, ಇವಳು ಕೈ ಚಾಚಿ ಹಿಂದಕ್ಕೆ ತೆಗೆದಳು. ಕೊಡಲು ಹೆದರಿಕೆ ಹತ್ತಿದೆ ಇವಳಿಗೆ. ನನ್ನ ಕಟ್ಟಳೆ ಗಂಟಿಗೆ ಮಾತ್ರ ಇತ್ತು, ಹೋಗಿ ಹೋಗಿ ಇವಳ ಕೈಗೇ ಕಟ್ಟುಬಿತ್ತು.

ಅಗಸ್ಟ್ 20, ಬುಧವಾರ

ಭಾಗ್ಯಾಳ ಡಿಸ್ಚಾರ್ಜು. ಕೂಸು ಎರಡೂ ಮುಷ್ಟಿ ಬಿಗಿಹಿಡಿದು ನಿದ್ದೆ ಮಾಡುತ್ತಿತ್ತು.

ನಿಂಬೆವ್ವ ಪೇಢೆಯ ಡಬ್ಬಿ ಹಿಡಿದು ಬಂದಳು. ಡಾಕ್ಟರಿಗೊಂದು, ಅರಿವಳಿಕೆ ಡಾಕ್ಟರಿಗೊಂದು, ಮುಕ್ರಮನಿಗೊಂದು, ನನಗೊಂದು. ತುಟಿಯಲ್ಲೇ ಎಣಿಸಿಕೊಂಡು ಕೊಟ್ಟಳು. ಮುಚ್ಚಳ ಹಾಕಿದಳು. ಡಬ್ಬಿ ಇನ್ನೂ ತುಂಬಿತ್ತು.

ನಾನು ನನ್ನ ಪೇಢೆ ತಿಂದು ಮತ್ತೆ ಕೈ ಚಾಚಿದೆ. "ಏನ್ ನಿಂಬೆವ್ವಾ, ಬರೇ ಲೆಕ್ಕದಾಗ ಕಳಸ್ತೀರೇನು? ಕೊಸರು ಎಲ್ಲದ?"

ಅವಳು ನನ್ನ ಮುಖವನ್ನೇ ನೋಡಿದಳು. "ಬ್ಯಾಡಂದಾಕಿ ನೀನ."

"ಗಂಟಿಗೆ ಬ್ಯಾಡ ಅಂದೇನಿ. ಪೇಢೇಕ್ಕ ಅಂದೇನೇನು?"

ಡಾಕ್ಟರೂ ಸುಮ್ಮನೆ ಕೈ ಚಾಚಿದರು, ಅವರ ಹಿಂದೆ ಮುಕ್ರಮ. ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮುಚ್ಚಳ ತೆಗೆದಳು. ನನ್ನ ಅಂಗೈ ಮೇಲೆ ಪೇಢೆ ಇಟ್ಟು, ಮೇಲೊಂದು ಇಟ್ಟು, ಬೆರಳುಗಳನ್ನು ತಾನೇ ಮಡಚಿ ಮುಚ್ಚಿದಳು.

"ಇದನ್ನ ಎಣಿಸಬ್ಯಾಡ ಬೇ ಮತ್ತ" ಎಂದಳು.